ತಿರುವಿಲ್ಲದ ದಾರಿಯಲ್ಲಿ ಹಾರ್ನು

ನಮ್ಮ ಕಡೆ ಕಾರು ಓಡಿಸುವುದು ಅರ್ಧಕ್ಕರ್ಧ ಕಿವಿಯ ಕೆಲಸ. ಚಿಕ್ಕಮಗಳೂರಿನಿಂದ ವಸ್ತಾರೆಯ ನಮ್ಮ ಮನೆಗೆ ಬರುವ ದಾರಿ ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದನ್ನು ಹಿಡಿಯುತ್ತದೆ. ಆಚೆ ಏನಿದೆಯೋ ಕಾಣುವುದಿಲ್ಲ, ಕಾಣುವುದು ಕಾಫಿ ತೋಟದ ಬೇಲಿ ಮಾತ್ರ. ಹಾಗಾಗಿ ಒಂದು ಹಾರ್ನು ಹೊಡೆದು, ಕಾಲು ಸಡಿಲಿಸಿ, ಕೇಳಬೇಕು. ಆಚೆಯಿಂದ ಉತ್ತರ ಬಂದರೆ ಅಂಚಿಗೆ ಸರಿಯಬೇಕು, ಬರದಿದ್ದರೆ ಹೋಗಬೇಕು. ನಮ್ಮ ಯಜಮಾನರು ದನಿಯಿಂದಲೇ ಗಾಡಿಯ ಗುರುತು ಹಿಡಿಯುತ್ತಿದ್ದರು. "ಇದು ಜಾವಳಿ ಡಾಕ್ಟ್ರು" ಎನ್ನುವಷ್ಟರಲ್ಲಿ ಡಾಕ್ಟರ ಜೀಪು ತಿರುವಿನಲ್ಲಿ ಮೂಗು ತೂರಿಸಿರುತ್ತಿತ್ತು. ಯಜಮಾನರ ಎಡಗಡೆ ಹದಿನೆಂಟು ವರ್ಷ ಕುಳಿತು, ಸ್ಟಿಯರಿಂಗನ್ನು ಒಮ್ಮೆಯೂ ಮುಟ್ಟದೆ, ನಾನೂ ಒಳ್ಳೆಯ ಡ್ರೈವರೇ ಆಗಿದ್ದೆ.

ಅವರು ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ನಿಂತಿತು. ಮಧ್ಯಾಹ್ನ ನಾನು ಹೋಗಿ ನನ್ನ ಸೀಟಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಬೇರೆಲ್ಲಿ ಕುಳಿತರೂ ಅಷ್ಟು ಚೆನ್ನಾಗಿ ಸುಲಿಯಲು ಆಗುತ್ತಿರಲಿಲ್ಲ. ಇದನ್ನು ಮೈದುನ ಸತೀಶ ಒಂದು ದಿನ ನೋಡಿಬಿಟ್ಟ.

"ಅತ್ತಿಗೆ, ಇದೇನು ಕಾರೋ ಅಡುಗೆಮನೆಯೋ? ನಿಂತ ಗಾಡಿಗೆ ತುಕ್ಕು ಹಿಡಿಯುತ್ತೆ. ಮಾರ್ಬಿಡೋಣ."

"ಮಾರೋದು ಬೇಡ. ನಾನೇ ಕಲೀತೀನಿ."

"ಹಂಗಾದ್ರೆ ಕಡೂರಿಗೆ ಹೋಗಿ ಮನೆ ಬಾಗಿಲ ತನಕ ವಾಪಸ್ ತನ್ನಿ. ಮಧ್ಯ ಯಾರ ಕೈಗೂ ಕೊಡಬಾರ್ದು. ಆಮೇಲೆ ನಾನು ಮಾರೋ ಸುದ್ದಿ ಎತ್ತಲ್ಲ."

ಡ್ರೈವಿಂಗ್ ಸ್ಕೂಲಿನ ರುದ್ರಪ್ಪನವರು ತಿಂಗಳೊಪ್ಪತ್ತು ನಮ್ಮ ತಿರುವುಗಳಲ್ಲೇ ಪಾಠ ಹೇಳಿದರು. ಆಮೇಲೆ ಕಡೂರಿನ ಹೆದ್ದಾರಿ. ಎಡಕ್ಕೆ ರುದ್ರಪ್ಪನವರು, ಹಿಂದಿನ ಸೀಟಿನಲ್ಲಿ ತೀರ್ಪುಗಾರನಾಗಿ ಸತೀಶ. ಅಷ್ಟು ನೆಟ್ಟಗಿನ ದಾರಿಯಲ್ಲಿ ನನಗೆ ಏನು ಮಾಡುವುದೆಂದೇ ತಿಳಿಯಲಿಲ್ಲ. ಕೈ ತನ್ನ ಪಾಡಿಗೆ ಹಾರ್ನು ಒತ್ತುತ್ತಿತ್ತು, ಕಾಲು ಸಡಿಲವಾಗುತ್ತಿತ್ತು, ಕಿವಿ ಕಾಯುತ್ತಿತ್ತು. ಹಿಂದಿದ್ದ ಲಾರಿಯವನು ದಾಟಿಕೊಂಡು ಹೋಗುತ್ತಾ, "ದಿಬ್ಬಣ ಎಲ್ಲಿಗೆ ಹೊರಟಿದೆ ಅಮ್ಮಾ?" ಎಂದು ಕೇಳಿ ಹೋದ.

"ಅಕ್ಕಾ, ಇಲ್ಲಿ ತಿರುವೇ ಇಲ್ಲ. ಯಾರನ್ನ ಕರೀತಾ ಇದ್ದೀರಿ?" ಎಂದರು ರುದ್ರಪ್ಪನವರು.

"ಎದುರಿಗೆ ಯಾರಾದ್ರೂ ಬರ್ತಿದ್ರೆ?"

"ಬರೋರು ಅರ್ಧ ಮೈಲಿಯಿಂದಲೇ ಕಾಣ್ತಾರಲ್ಲ."

ಹೌದು, ಕಾಣುತ್ತಿದ್ದರು. ಹೋಗುವವರೂ ಕಾಣುತ್ತಿದ್ದರು. ನಮ್ಮ ಕಡೆ ಹೋಗುವವರು ಇದ್ದಕ್ಕಿದ್ದಂತೆ ತಿರುವಿನಲ್ಲಿ ಮರೆಯಾಗಿಬಿಡುತ್ತಾರೆ. ಇಲ್ಲಿ ಆ ಲಾರಿ ಬೆಂಕಿಪೊಟ್ಟಣದಷ್ಟಾಗಿ, ಕಾಫಿ ಬೀಜದಷ್ಟಾಗಿ, ಬಿಸಿಲಿನಲ್ಲಿ ನಡುಗುತ್ತಾ ಬಹಳ ಹೊತ್ತು ಉಳಿಯಿತು. ಯಜಮಾನರನ್ನೂ ಹೀಗೆ ನೋಡುತ್ತಾ ಕಳುಹಿಸಿಕೊಡಲು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ಅದು ಪೂರ್ತಿ ಕರಗಿದ ಮೇಲೆ ನೋಡಿದರೆ ನಮ್ಮ ಕಾರು ರಸ್ತೆಯ ಮೇಲೆ ನಿಂತೇಬಿಟ್ಟಿತ್ತು.

"ಯಾಕೆ ನಿಲ್ಸಿದ್ರಿ ಅತ್ತಿಗೆ?"

"ಅದು ಹೋಗ್ಲಿ ಅಂತ."

ರುದ್ರಪ್ಪನವರು ಹಿಂದಿನಿಂದ ಬರುತ್ತಿದ್ದ ಬಸ್ಸನ್ನು ನೋಡಿ ತಮ್ಮ ಮನೆದೇವರನ್ನು ನೆನೆದರು.

ಅಂತೂ ಕಡೂರು ಮುಟ್ಟಿ ಹಿಂದಿರುಗಿದೆವು. ಚಿಕ್ಕಮಗಳೂರು ದಾಟಿ ನಮ್ಮ ಮೊದಲ ತಿರುವಿಗೆ ಬಂದು ಹಾರ್ನು ಒತ್ತಿದರೆ ಸದ್ದೇ ಇಲ್ಲ.

"ಇದ್ದಿದ್ದನ್ನೆಲ್ಲ ಕಡೂರು ರೋಡಿಗೇ ಸುರಿದ್ಬಿಟ್ರಲ್ಲ ಅಕ್ಕಾ," ಎಂದರು ರುದ್ರಪ್ಪನವರು. "ಹಾರ್ನಿಲ್ದೆ ನಿಮ್ ಕೈಲಿ ಆಗಲ್ಲ. ಇಳೀರಿ, ನಾನು ಓಡಿಸ್ತೀನಿ."

ಇಳಿದರೆ ಕಾರು ಹೋದಂತೆಯೇ. ನಾನು ಸ್ಟಿಯರಿಂಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಕನ್ನಡಿಯಲ್ಲಿ ಸತೀಶನನ್ನು ನೋಡಿದೆ. ಅವನು ಗಾಜು ಇಳಿಸಿ, ಭುಜದವರೆಗೂ ಹೊರಗೆ ಬಾಗಿ, "ಹೋ...ಯ್" ಎಂದು ಕೂಗಿದ. ಕಿವಿಗೊಟ್ಟ. "ಯಾರೂ ಇಲ್ಲ, ಬನ್ನಿ ಅತ್ತಿಗೆ" ಎಂದ.

ಅಣ್ಣತಮ್ಮಂದಿರ ದನಿ ಒಂದೇ ಎಂಬುದು ಅಷ್ಟು ವರ್ಷ ನನಗೆ ಗೊತ್ತೇ ಆಗಿರಲಿಲ್ಲ. ಒಂದೊಂದು ತಿರುವಿಗೂ ಅವನು ಕೂಗಿದ, ನಾನು ದಾಟಿದೆ. ಒಂದು ಕಡೆ ಎದುರಿನ ಜೀಪಿನವನೂ "ಹೋಯ್" ಎಂದ, ಅವನಿಗೆ ಅಂಚಿಗೆ ಸರಿದು ದಾರಿ ಬಿಟ್ಟೆ. ಮನೆ ಬಾಗಿಲು ಮುಟ್ಟುವಾಗ ಸತೀಶನ ದನಿ ಪೂರ್ತಿ ಬಿದ್ದುಹೋಗಿತ್ತು. ನಾಲ್ಕು ದಿನ ಮೆಣಸಿನ ಕಷಾಯ ಕುಡಿದ. ಮಾರುವ ಸುದ್ದಿ ಎತ್ತಲು ಅವನಿಗೆ ಗಂಟಲೇ ಇರಲಿಲ್ಲ, ಗಂಟಲು ಬಂದ ಮೇಲೂ ಎತ್ತಲಿಲ್ಲ.

ಯಾರಾದರೂ ಕೇಳಿದರೆ, ಕಡೂರಿನಿಂದ ಮನೆಯ ತನಕ ನಾನೊಬ್ಬಳೇ ಓಡಿಸಿಕೊಂಡು ಬಂದೆ ಎನ್ನುತ್ತೇನೆ. ಸತೀಶ ಪಕ್ಕದಲ್ಲಿದ್ದರೆ ಸುಮ್ಮನೆ ಒಮ್ಮೆ ಕೆಮ್ಮುತ್ತಾನೆ.