ಮ್ಯೂಟ್ ಒತ್ತಿ ಕಲಿತ ಬೀಗರ ಪದ

ಬೀಗರ ಪದದಲ್ಲಿ ನಮ್ಮ ಅತ್ತೆಯನ್ನು ಸೋಲಿಸುವವರು ಹೊಳೆನರಸೀಪುರ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಗೇಲಿ ಮಾಡುತ್ತಾರೆ. ಗಂಡಿನ ಕಡೆಯವರು ಹಾಡಿನಲ್ಲೇ ಉತ್ತರ ಕೊಡಬೇಕು. ಕೊಡದಿದ್ದರೆ ಹುಡುಗ ಹುಡುಗಿಗೆ ಮೊಮ್ಮಕ್ಕಳಾದ ಮೇಲೂ ಆ ಮಾತು ಊರಲ್ಲಿ ಓಡಾಡುತ್ತಿರುತ್ತದೆ.

ಈ ಸಲ ನನ್ನ ಮೈದುನ ಗಿರೀಶನಿಗೆ ಅರಕಲಗೂಡಿನ ಹೆಣ್ಣು ನಿಶ್ಚಯವಾಯಿತು. ಆದರೆ ಅಷ್ಟು ಹೊತ್ತಿಗೆ ಅತ್ತೆಗೆ ಗಂಟಲಿನ ಆಪರೇಷನ್ ಆಗಿತ್ತು. "ಮೆತ್ತಗೆ ಮಾತಾಡಬಹುದು, ಹಾಡುವ ಹಾಗಿಲ್ಲ. ಹಾಡಿದರೆ ಇರುವ ದನಿಯೂ ಹೋಗುತ್ತದೆ" ಎಂದು ಹಾಸನದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು.

"ನೀವು ಸುಮ್ಮನೆ ಕೂತಿರಿ ಅತ್ತೆ. ಪದ ನಾನು ಹೇಳ್ತೀನಿ" ಎಂದೆ.

ಅತ್ತೆ ಸಂತೆಯಲ್ಲಿ ಆಲೂಗಡ್ಡೆ ನೋಡುವ ಹಾಗೆ ನನ್ನನ್ನು ನೋಡಿದರು. "ನಿಂಗೆಲ್ ಬತ್ತದವ್ವ? ದಿನಾ ಒಂದೊಂದ್ ಸಾಲು ನಾನೇ ಮೆತ್ತುಗ್ ಏಳ್ಕೊಡ್ತೀನಿ, ಕೂತ್ಕೊ."

"ನೀವು ಗಂಟಲು ನೋಯಿಸ್ಕೋಬೇಡಿ. ಬೀಗರ ಪದಕ್ಕೂ ಆನ್‌ಲೈನ್ ಕೋರ್ಸ್ ಇದೆ! ಮೂವತ್ತು ಪಾಠ, ಕೊನೆಗೆ ಸರ್ಟಿಫಿಕೇಟು!"

ಹೀಗೆ ನನ್ನ ಸಂಗೀತ ವ್ಯಾಸಂಗ ವಿಧ್ಯುಕ್ತವಾಗಿ ಆರಂಭವಾಯಿತು. ಪ್ರತಿ ಪಾಠದಲ್ಲೂ ಫೋನಿನೊಳಗಿನ ಮೇಡಂ ಒಂದೊಂದೇ ಸಾಲು ಹಾಡುತ್ತಿದ್ದರು. ನಾನೂ ಜೊತೆಗೆ ಹಾಡುತ್ತಿದ್ದೆ. ಆಮೇಲೆ ಅವರು "ಈಗ ನೀವೊಬ್ಬರೇ ಹಾಡಿ, ನಾನು ಕೇಳುತ್ತೇನೆ" ಎಂದು ಸುಮ್ಮನಾಗುತ್ತಿದ್ದರು. ಆ ಬಿಡುವು ಎಷ್ಟು ಅನುಕೂಲವಾಗಿತ್ತೆಂದರೆ, ಅಷ್ಟರಲ್ಲಿ ಒಂದು ರೊಟ್ಟಿ ಮಗುಚಿ ಹಾಕಬಹುದಿತ್ತು! ಪಾಠದ ಕೊನೆಗೆ ನಮ್ಮ ದನಿಯನ್ನು ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಅದರ ಕೆಳಗೆ 'ಆಮೇಲೆ' ಎಂಬ ಪುಟ್ಟ ಗುಂಡಿಯೂ ಇತ್ತು. ನಾನು ಮೂವತ್ತು ಪಾಠಕ್ಕೂ ತಪ್ಪದೆ ಅದನ್ನೇ ಒತ್ತಿದೆ.

ಭಾನುವಾರಗಳಂದು ನೇರ ತರಗತಿ. ಎಲ್ಲರ ಮನೆಯ ಕುಕ್ಕರ್ ಸದ್ದು ಕೇಳಬಾರದೆಂದು ಎಲ್ಲರೂ ಮ್ಯೂಟ್ ಒತ್ತಿರಬೇಕು. ನಾನು ಮೈಮರೆತು ಹಾಡುತ್ತಿದ್ದೆ. ಕಿವಿಗೆ ಮೇಡಂ ದನಿಯೇ ಕೇಳುತ್ತಿದ್ದುದರಿಂದ ನನ್ನ ದನಿ ಬಹಳ ಚೆನ್ನಾಗಿದೆ ಎನಿಸುತ್ತಿತ್ತು.

ಒಂದು ದಿನ ಅತ್ತೆ ಕೇಳಿದರು. "ನೀನ್ ಏಳಾದು ಆವಮ್ಮಂಗೆ ಕೇಳಕಿಲ್ವ?"

"ಇಲ್ಲ ಅತ್ತೆ. ಇಲ್ನೋಡಿ, ಮ್ಯೂಟ್ ಒತ್ತಿದೀನಿ. ಇದನ್ನ ಒತ್ತಿದ್ರೆ ನಮ್ಮ ದನಿ ಯಾರಿಗೂ ಕೇಳಲ್ಲ."

"ಮತ್ ಯಾರ್ಗ್ ಏಳ್ತಿದ್ದೀಯ?"

ನಾನು ಇಯರ್‌ಫೋನು ಇನ್ನಷ್ಟು ಒಳಕ್ಕೆ ಸಿಕ್ಕಿಸಿಕೊಂಡು ಮುಂದಿನ ಸಾಲಿಗೆ ಹೋದೆ.

ಸರ್ಟಿಫಿಕೇಟು ಬಂತು! ಲ್ಯಾಮಿನೇಟ್ ಮಾಡಿಸಿ ಟಿವಿ ಪಕ್ಕ ಇಟ್ಟೆ. ನಮ್ಮ ಯಜಮಾನರು ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ಫೋನ್ ಆಫ್ ಮಾಡಿ ಒಂದೇ ಒಂದು ಪದ ಹೇಳೇ, ಕೇಳೋಣ."

"ಮದುವೇಲೇ ಕೇಳಿ ರೀ. ಸಸ್ಪೆನ್ಸ್ ಇರಲಿ" ಎಂದೆ.

ಮದುವೆಗೆ ನಾಲ್ಕು ದಿನ ಇದೆ ಎನ್ನುವಾಗ ಬಚ್ಚಲುಮನೆಯಲ್ಲಿ ಸುಮ್ಮನೆ ಒಂದು ಪದ ಹಾಡಿ ನೋಡಿದೆ. ಮೊದಲ ಸಾಲು ಬಂತು. ಎರಡನೆಯದು ಬರಲಿಲ್ಲ. ಎರಡು ಚೊಂಬು ನೀರು ಸುರಿದುಕೊಂಡೆ. ಆಗಲೂ ಬರಲಿಲ್ಲ! ಮೂವತ್ತು ಪಾಠಗಳಲ್ಲಿ ಪ್ರತಿಯೊಂದರ ಮೊದಲ ಸಾಲು ಮಾತ್ರ ನನ್ನಲ್ಲಿತ್ತು. ಮಿಕ್ಕಿದ್ದೆಲ್ಲ ಮೇಡಂ ಹತ್ತಿರವೇ ಉಳಿದಿತ್ತು. ಅಂದಿನಿಂದ ಅನ್ನ ಸೇರಲಿಲ್ಲ. ಗೇಲಿಗೆ ನಾನು ಹೆದರಲಿಲ್ಲ. ನಾನು ತಡವರಿಸಿದರೆ ಅತ್ತೆ ಸುಮ್ಮನೆ ಕೂರುವ ಜೀವವಲ್ಲ, ಹಾಡಿಯೇ ಹಾಡುತ್ತಾರೆ. ಹಾಡಿದರೆ ದನಿ ಹೋಗುತ್ತದೆ.

ಕೊನೆಗೆ ಒಂದು ಘನವಾದ ಉಪಾಯ ಹೊಳೆಯಿತು. ಕಿವಿಗೆ ವೈರಿಲ್ಲದ ಇಯರ್‌ಫೋನು, ಅದರ ಮೇಲೆ ಎರಡು ಮೊಳ ಮಲ್ಲಿಗೆ, ಮಡಿಲ ಪರ್ಸಿನಲ್ಲಿ ಪಾಠ ಹಾಕಿಟ್ಟ ಫೋನು. ಮೇಡಂ ಕಿವಿಯಲ್ಲಿ ಹೇಳುತ್ತಾರೆ, ನಾನು ಬಾಯಲ್ಲಿ ಹೇಳುತ್ತೇನೆ. ಸಿಕ್ಕಿಬೀಳುವ ಮಾತೇ ಇಲ್ಲ!

ಅರಕಲಗೂಡಿನ ಛತ್ರ. ಧಾರೆ ಮುಗಿದು ಹುಡುಗ ಹುಡುಗಿ ಹಸೆಮಣೆ ಮೇಲೆ ಕೂತಿದ್ದರು. ಹುಡುಗಿಯ ಸೋದರತ್ತೆ ನಿಂಗಮ್ಮ ಸೆರಗು ಸಿಕ್ಕಿಸಿ ಮೈಕು ಹಿಡಿದರು.

"ಹೊಳೆದಂಡೆ ಬೀಗಿತಿ ಹೊಟ್ಟೇಯ ನೋಡಿರೆ, ಹೋಳೀಗೆ ಹದಿನಾರು ಎಣಿಸೀರೆ!"

ಛತ್ರವೆಲ್ಲ ಗೊಳ್ಳೆಂದಿತು. ಮೈಕು ನನ್ನ ಕೈಗೆ ಬಂತು. ಪರ್ಸಿನೊಳಗೆ ಬೆರಳು ತೂರಿಸಿ ಫೋನು ಒತ್ತಿದೆ. ಮೇಡಂ ಹಾಡಿದರು, ನಾನೂ ಹಾಡಿದೆ. ಮೊದಲ ಸಾಲಿಗೆ ನಮ್ಮ ಕಡೆಯವರು ಚಪ್ಪಾಳೆ ತಟ್ಟಿದರು. ಅತ್ತೆಯ ಮುಖ ಅರಳಿತು. ನನಗೆ ಧೈರ್ಯ ಬಂತು. ಆ ಧೈರ್ಯವೇ ಮುಳುವಾಯಿತು. ಕಿವಿಗೆ ಬಿದ್ದದ್ದನ್ನೆಲ್ಲ ಕಣ್ಣು ಮುಚ್ಚಿ ಹಾಡತೊಡಗಿದೆ.

"ಉಸಿರು ಹೊಟ್ಟೆಯಿಂದ ಬರಲಿ... ಗಂಟಲು ಬಿಗಿ ಮಾಡಬೇಡಿ..." ಎಂದು ರಾಗವಾಗಿ ಹಾಡಿದೆ.

ನಮ್ಮ ಕಡೆಯವರ ಚಪ್ಪಾಳೆ ತಾಳ ತಪ್ಪಿತು. ನಾನು ನಿಲ್ಲಲಿಲ್ಲ.

"ಈಗ ನೀವೊಬ್ಬರೇ ಹಾಡಿ, ನಾನು ಕೇಳುತ್ತೇನೆ!"

"ನಾವ್ ಏಳಾಯ್ತಲ್ಲವ್ವ! ಈಗ ನಿಮ್ ಸರದಿ ಕಣವ್ವ!" ಎಂದರು ನಿಂಗಮ್ಮ.

ಕಣ್ಣು ಬಿಟ್ಟೆ. ಕಿವಿಯಲ್ಲಿ ಮೇಡಂ ಸುಮ್ಮನಾಗಿದ್ದರು. ಅದೇ ಆ ಬಿಡುವು! ನಾನೊಬ್ಬಳೇ ಹಾಡಬೇಕಾದ ಬಿಡುವು. ತಿಂಗಳುಗಟ್ಟಲೆ ಆ ಬಿಡುವಿನಲ್ಲಿ ನಾನು ಏನು ಅಭ್ಯಾಸ ಮಾಡಿದ್ದೆನೋ ಅದೇ ಕೈಗೆ ಬಂತು. ಮುನ್ನೂರು ಜನರ ಎದುರು ಮೈಕನ್ನು ರೊಟ್ಟಿಯ ಹಾಗೆ ಮಗುಚಿ ಹಾಕಿದೆ!

ಮುಂದಿನ ಸಾಲಿನಲ್ಲಿ ಕೂತಿದ್ದ ಯಜಮಾನರು ಛತ್ರದ ಫ್ಯಾನನ್ನು ಗಾಢವಾಗಿ ಅಧ್ಯಯನ ಮಾಡತೊಡಗಿದರು.

ಅಷ್ಟರಲ್ಲಿ ಯಾರೋ ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ಅತ್ತೆ! "ಬೇಡಿ ಅತ್ತೆ, ದಮ್ಮಯ್ಯ" ಎಂದು ಸೆರಗು ಎಳೆದೆ. ಅವರು ಕೈ ಕೊಡವಿದರು. ಒಡಕು ದನಿ, ಅರ್ಧ ಗಾಳಿ, ಅರ್ಧ ಮಾತು.

"ಎಣಿಸೋಕೆ ಬಂದೋಳೆ, ಬಡಿಸೋಕೆ ಬಾರದೋಳೆ, ಬರಿ ಎಲೆ ಕಾದೈತೆ, ತುಪ್ಪ ತಾರೆ!"

ನಿಂಗಮ್ಮನೇ ಎದ್ದು ಬಂದು ಅತ್ತೆಯ ಕೈ ಹಿಡಿದುಕೊಂಡು, "ಸೋತೆ ಕಣಕ್ಕ" ಎಂದರು. ಛತ್ರ ಚಪ್ಪಾಳೆ ತಟ್ಟಿತು. ನಾನು ಮಾತ್ರ ಅಳುತ್ತಿದ್ದೆ. ಕಿವಿಯಲ್ಲಿ ಮೇಡಂ, "ತುಂಬಾ ಚೆನ್ನಾಗಿ ಹಾಡಿದಿರಿ" ಎಂದು ನನ್ನನ್ನು ಅಭಿನಂದಿಸಿದರು.

ಎಂಟು ದಿನ ಅತ್ತೆಯ ಬಾಯಿಂದ ಒಂದು ಶಬ್ದ ಹೊರಡಲಿಲ್ಲ. "ಹಾಡಿಸಿದ್ದು ಯಾರು?" ಎಂದು ಡಾಕ್ಟರು ಗದರಿದಾಗ ಅತ್ತೆ ನನ್ನ ಕಡೆ ಬೆರಳು ತೋರಿಸಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಆ ಎಂಟು ದಿನ ಅವರ ದನಿಗಾಗಿ ಮನೆದೇವರಿಗೆ ನಾನು ಹೊತ್ತ ಹರಕೆಗಳು ಕೋರ್ಸಿನ ಪಾಠಗಳಿಗಿಂತ ಹೆಚ್ಚು.

ಒಂಬತ್ತನೆಯ ದಿನ ಅತ್ತೆ ಪಿಸುದನಿಯಲ್ಲಿ ಕಾಫಿ ಕೇಳಿದರು. ಜೀವ ಬಂದಂತಾಯಿತು. ಕಾಫಿ ಕೊಟ್ಟು, ಫೋನನ್ನು ಅಕ್ಕಿ ಡಬ್ಬದ ಮೇಲಿಟ್ಟು ಅವರ ಎದುರು ನೆಲದ ಮೇಲೆ ಕೂತೆ. "ನೀವೇ ಹೇಳಿಕೊಡಿ ಅತ್ತೆ. ದಿನಕ್ಕೆ ಒಂದೇ ಸಾಲು ಸಾಕು."

ಅತ್ತೆ ಮೆತ್ತಗೆ ಒಂದು ಸಾಲು ಹೇಳಿದರು. ಆಮೇಲೆ ಸುಮ್ಮನಾಗಿ ಕಾದರು. ಮಗುಚಲು ರೊಟ್ಟಿ ಇರಲಿಲ್ಲ. ನಾನೊಬ್ಬಳೇ, ನನ್ನ ಸ್ವಂತ ದನಿಯಲ್ಲಿ, ಜೀವನದಲ್ಲೇ ಮೊದಲ ಸಲ ಇನ್ನೊಬ್ಬರು ಕೇಳುವ ಹಾಗೆ ಒಂದು ಪೂರ್ತಿ ಸಾಲು ಹಾಡಿ ಮುಗಿಸಿದೆ.

ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು ಕಣ್ಣು ಬಿಟ್ಟರು. ಏನು ಹೇಳುತ್ತಾರೋ ಎಂದು ನಾನು ಇನ್ನಷ್ಟು ಹತ್ತಿರ ಜರುಗಿ ಕೂತೆ.

"ಅವ್ವಾ" ಎಂದು ಪಿಸುಗುಟ್ಟಿದರು, "ಆ ಮ್ಯೂಟು ಅನ್ನಾದು ಎಲ್ಲೈತವ್ವ? ವಸಿ ಒತ್ತು."