ಶಿವಸ್ವಾಮಿಯ ತಂಪು ಅಟ್ಟ

ಶಿವಸ್ವಾಮಿಗೆ ಹೆಂಡತಿಯ ತವರೆಂದರೆ ಎದೆ ಝಲ್ಲೆನ್ನುತ್ತಿತ್ತು. ಮಂಗಳಮ್ಮ ತವರಿಗೆ ಹೋದರೆ ಅಡುಗೆ ಅವನೇ ಮಾಡಬೇಕು. ತಾನು ಮಾಡಿದ್ದನ್ನು ತಾನೇ ತಿನ್ನುವ ಧೈರ್ಯ ಅವನಿಗಿರಲಿಲ್ಲ. ತೊಂಬತ್ತೆಂಟರ ಏಪ್ರಿಲ್‌ನಲ್ಲಿ ನಂಜನಗೂಡು ಕಾದ ಕಾವಲಿಯಾದಾಗ ಅವಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು.

"ರೀ, ಭಾನುವಾರದೊಳ್ಗೆ ಈ ಮನೆ ತಣ್ಣಗಾಗ್ಲಿಲ್ಲ ಅಂದ್ರೆ ನಾನು ನಮ್ಮವ್ವನ ಊರು ಹದಿನಾರಿಗೆ ಹೊಂಟೆ. ಮಳೆ ಬಂದ್ಮೇಲೆ ಬತ್ತೀನಿ."

ಅದೃಷ್ಟಕ್ಕೆ (ಅದು ದುರದೃಷ್ಟ ಎಂದು ಆಮೇಲೆ ತಿಳಿಯಿತು) ಕಚೇರಿಯಲ್ಲಿ ಹಳೆಯ ವಾರಪತ್ರಿಕೆಯೊಂದು ಕೈಗೆ ಸಿಕ್ಕಿತು. ರಷ್ಯಾದವರು ಅಟ್ಟಕ್ಕೆ ಉಣ್ಣೆ ತುಂಬಿ, ಸಂದುಗೊಂದೆಲ್ಲ ಮುಚ್ಚಿ ಸುಖವಾಗಿರುತ್ತಾರಂತೆ! ಗುರುವಾರವೇ ಶಿವಸ್ವಾಮಿ ಒಂದು ಗಾಡಿ ಒಣಹುಲ್ಲು ತರಿಸಿ ಅಟ್ಟದ ತುಂಬ ಮೊಣಕಾಲುದ್ದ ಹಾಸಿದ. ಹೆಂಚಿನ ಸಂದಿಗೆಲ್ಲ ಗೋಣಿತಾಟು ತುರುಕಿದ. ಮೈಯೆಲ್ಲ ನವೆ, ಆದರೂ ಏಣಿ ಇಳಿದು ಬಂದವನ ಗತ್ತು ನೋಡಬೇಕಿತ್ತು.

"ಇನ್ನು ಸೂರ್ಯದೇವನಿಗೆ ಈ ಗೃಹದಲ್ಲಿ ಪ್ರವೇಶ ನಿಷಿದ್ಧ ಕಣೇ!"

ಸೂರ್ಯದೇವನೇನೋ ಒಳಗೆ ಬರಲಿಲ್ಲ. ಆದರೆ ಅಡುಗೆ ಒಲೆ, ಬಚ್ಚಲ ಹಂಡೆ ಒಲೆ ಎರಡರ ಬಿಸಿಯೂ ಹೊರಗೆ ಹೋಗಲಿಲ್ಲ! ಚಳಿದೇಶದವರು ಒಳಗಿನ ಕಾವು ಉಳಿಸಿಕೊಳ್ಳಲೆಂದೇ ಹಾಗೆ ಮಾಡುತ್ತಾರೆಂಬುದು ಲೇಖನದ ಎರಡನೇ ಪುಟದಲ್ಲಿತ್ತು. (ಆ ಪುಟ ಜವಾನ ಮಲ್ಲಯ್ಯನ ಬೋಂಡ ಸುತ್ತಲು ಹೋಗಿತ್ತು.)

ಶನಿವಾರ ಮಧ್ಯಾಹ್ನ ಮಂಗಳಮ್ಮ ಬೆವರೊರೆಸಿಕೊಳ್ಳುತ್ತ ಸೀರೆ ಮಡಚತೊಡಗಿದಳು. ತವರಿಗೆ ಒಯ್ಯೋಣವೆಂದು ಅಟ್ಟದಲ್ಲಿಟ್ಟಿದ್ದ ರಸಬಾಳೆಯ ಕಾಯಿಗೊನೆ ಇಳಿಸಲು ಹತ್ತಿದವಳು ಮೇಲಿಂದಲೇ ಕೂಗಿದಳು.

"ಅಯ್ಯೋ ಶಿವನೇ! ಮೊನ್ನೆ ಇಟ್ಟ ಗೊನೆ ಕಣ್ರೀ, ಬುಡದಿಂದ ತುದಿವರ್ಗೂ ಹಣ್ಣಾಗೈತೆ!"

ಘಮಲಿಗೆ ಪಕ್ಕದ ಮನೆಯ ರಾಚಮ್ಮ ಓಡಿ ಬಂದಳು. ಮಗಳ ನಿಶ್ಚಿತಾರ್ಥಕ್ಕೆ ಹಣ್ಣಾಗಬೇಕಿದ್ದ ಮೂರು ಗೊನೆ ಹೊತ್ತು ತಂದಳು. ಸಂಜೆಗೆ ಬೀದಿಯ ಗೊನೆಗಳೆಲ್ಲ ಶಿವಸ್ವಾಮಿಯ ಅಟ್ಟ ಸೇರಿದವು. ಮಂಗಳಮ್ಮನ ಮುಖ ಅರಳಿ ಮೊರದಗಲವಾಯಿತು. ಸೀರೆಗಳು ಮತ್ತೆ ಬೀರು ಸೇರಿದವು.

"ನಾನೆಲ್ಲೂ ಹೋಗಲ್ಲ. ಆ ಹುಲ್ಲಿಗೆ ಕೈ ಹಚ್ಚಿದ್ರೆ ಜೋಕೆ!"

"ನಾನಿಲ್ಲಿ ಬೇಯ್ತಾ ಇದೀನಲ್ಲೇ!"

"ಗೊನೆಗೆ ಬೇಕಾದ ಕಾವು ಕಣ್ರೀ, ಸುಮ್ನೆ ತಡ್ಕೊಳ್ಳಿ."

ಭಾನುವಾರ ಬೆಳಿಗ್ಗೆ ಚೀಲ ಹಿಡಿದು ಹದಿನಾರಿನ ಬಸ್ಸು ಹತ್ತಿದವನು ಶಿವಸ್ವಾಮಿ. ಅತ್ತೆಯದು ಮಣ್ಣಿನ ಗೋಡೆಯ ತಣ್ಣನೆ ಮನೆ. ಮಳೆ ಬರುವವರೆಗೆ ಅಲ್ಲೇ ಕಾಲು ಚಾಚಿ ಮಲಗುವುದೆಂದು ನಿರ್ಧರಿಸಿದ್ದ. ಬಾಗಿಲಲ್ಲೇ ನೀರಿನ ಚೊಂಬು ಹಿಡಿದು ನಿಂತಿದ್ದ ಅತ್ತೆ ಚನ್ನಾಜಮ್ಮನಿಗೆ ಅಳಿಯನನ್ನು ಕಂಡು ಎಲ್ಲಿಲ್ಲದ ಸಂಭ್ರಮ.

"ಬನ್ನಿ ಬನ್ನಿ ಅಳಿಯಂದ್ರೇ! ಮಂಗಳ ಎಲ್ಲಾನೂ ಫೋನ್‌ನಲ್ಲಿ ಯೋಳುದ್ಲು. ಎರಡು ಗಾಡಿ ಉಲ್ಲು ಇಳ್ಸಿವ್ನಿ. ಉಂಡ್ಬುಟ್ಟು ಅಟ್ಟ ಅತ್ತಿ!"