ಲೂಪಿನಲ್ಲಿ ಸಿಕ್ಕಿಬಿದ್ದ ಟೋಟಲ್ಲು

ವೆಬ್‌ಸೈಟ್ ಮಾಡಿಕೊಡುವ ಅಂಗಡಿಯಲ್ಲಿ ಕೂತವನಿಗೆ ‘ನಿಮ್ಮ ಕಂಪ್ಯೂಟರಿಗೆ ಕೂಡೋಕೂ ಬರಲ್ವೇನ್ರೀ’ ಅನ್ನುವ ಮಾತು ಕೇಳದ ವಾರವಿಲ್ಲ. ರಾಮನಗರದ ಬಸ್ ಸ್ಟ್ಯಾಂಡ್ ಹತ್ತಿರ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ನಾನು ಹಾಗೆ ಕೂತಿದ್ದೆ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದಂತೆಲ್ಲ ಸುತ್ತಮುತ್ತಲಿನ ಎಲ್ಲರಿಗೂ ಒಂದೊಂದು ವೆಬ್‌ಸೈಟ್ ಬೇಕಾಗಿದ್ದ ಕಾಲ. ನಮ್ಮ ಯಜಮಾನರು ಒಂದೇ ಟೆಂಪ್ಲೇಟ್ ಇಟ್ಟುಕೊಂಡು, ಮೇಲಿನ ಹೆಸರು ಬದಲಾಯಿಸಿ ಎಲ್ಲರಿಗೂ ಕೊಡುತ್ತಿದ್ದರು. ಅದರೊಳಗಿನ ತಪ್ಪೂ ಎಲ್ಲರಿಗೂ ಹೋಗುತ್ತಿತ್ತು. ಬೈಗುಳ ಮಾತ್ರ ನನ್ನೊಬ್ಬನಿಗೆ ಬರುತ್ತಿತ್ತು.

೧. ಬುಗುರಿ

ಚನ್ನಪಟ್ಟಣದ ಗೊಂಬೆ ವ್ಯಾಪಾರಿಯೊಬ್ಬರ ಪೇಜಿಗೆ ಮೊದಲ ಆರ್ಡರ್ ಬಂತು: ನೂರು ಬುಗುರಿ, ಐವತ್ತು ಕುದುರೆ, ಎರಡು ತೊಟ್ಟಿಲು. ಕೆಳಗೆ ‘ಒಟ್ಟು: ೨’ ಅಂತಿತ್ತು. ಅವರು ಕೆಳಗಿನ ಸಾಲನ್ನಷ್ಟೇ ಓದಿ, ಸ್ಯಾಂಪಲ್ ಕೇಳಿದ್ದಾರೆ ಅಂದುಕೊಂಡು ಎರಡು ಬುಗುರಿ ಪಾರ್ಸೆಲ್ ಮಾಡಿದರು. ಆರ್ಡರ್ ಕ್ಯಾನ್ಸಲ್ ಆಯಿತು. ಅವರು ನಮ್ಮ ಮೆಟ್ಟಿಲು ಹತ್ತಿ ಬಂದರು.

ನೋಡಿದರೆ, ಲೆಕ್ಕವನ್ನು ಸೊನ್ನೆ ಮಾಡುವ ಸಾಲು, ಪ್ರತಿ ಸಾಮಾನಿಗೂ ಮತ್ತೆ ಮತ್ತೆ ಸುತ್ತುವ ಲೂಪಿನ ಒಳಗೇ ಕೂತಿತ್ತು. “ಒಂದೊಂದು ಸಾಮಾನಿಗೂ ಹಿಂದಿನದನ್ನ ಮರೆತುಬಿಡ್ತದೆ ಸಾರ್, ಕೊನೇದೊಂದೇ ನೆನಪಿರ್ತದೆ,” ಅಂತ ವಿವರಿಸಿದೆ.

“ಮರೆಯಾಕೆ ಮನೇಲಿ ನಮ್ಮಪ್ಪಾರು ಅವ್ರೆ,” ಅಂದರು. “ಅವ್ರು ಕರೆಂಟಿಲ್ದೇನೇ ಮರೀತಾರೆ.”

೨. ಶಾಲು

ಸೊನ್ನೆಯ ಸಾಲನ್ನು ತೆಗೆದು ಲೂಪಿನ ಹೊರಗೆ, ಎಲ್ಲಕ್ಕಿಂತ ಮೇಲಿಟ್ಟೆ. ಗೊಂಬೆಯ ಲೆಕ್ಕ ಸರಿಹೋಯಿತು. ಯಜಮಾನರು ನನ್ನನ್ನು ಕೇಳದೆ ಅದೇ ಪೇಜನ್ನು ಮಾಗಡಿ ಕಡೆಯ ಹಾಲಿನ ಡೈರಿಗಳಿಗೆ ಕೊಟ್ಟರು. ಅಲ್ಲಿ ಊರೂರಿನ ಲೆಕ್ಕ ಬೇರೆ ಬೇರೆ ಬರಬೇಕು, ಅಂದರೆ ಪ್ರತಿ ಊರಿಗೂ ಸೊನ್ನೆಯಿಂದ ಶುರುವಾಗಬೇಕು. ಆಗಲಿಲ್ಲ. ಒಂದೂರಿನ ಹಾಲು ಮುಂದಿನೂರಿಗೆ ಸೇರುತ್ತಾ ಹೋಗಿ, ಅಕಾರಾದಿ ಪಟ್ಟಿಯ ಕೊನೆಯ ಊರಿಗೆ ಇಡೀ ಹೋಬಳಿಯ ಹಾಲು ಹರಿದುಬಂತು. ನಾಲ್ಕು ಹಸುವಿನ ಆ ಊರಿನ ಡೈರಿ ಸೆಕ್ರೆಟರಿಗೆ ಸಭೆ ಕರೆದು ಶಾಲು ಹೊದಿಸಿದರು.

ಯಜಮಾನರಿಗೆ ಹೇಳಿದೆ. “ಹೊದಿಸಿದ ಶಾಲು ಕಿತ್ಕೊಂಡ್ ಬರಕ್ಕಾಯ್ತದಾ? ಸುಮ್ನಿರು,” ಅಂದರು.

ನಿಜವಾಗಿ ಹೆಚ್ಚು ಹಾಲು ಹಾಕಿದ್ದು ಪಟ್ಟಿಯ ಮೊದಲ ಊರು. ಅದರ ಸೆಕ್ರೆಟರಿ ವಯಸ್ಸಾದವರು, ಬಂದು ಎದುರಿಗೆ ಕೂತರು. “ಆ ಶಾಲಿಗೆ ನಾವೇನ್ ಮಾಡ್ಬೇಕಿತ್ತಪ್ಪ?”

ನನಗೆ ರೇಗಿಹೋಗಿತ್ತು. “ನಿಮ್ಮೂರಿನ ಹೆಸರು ಅಕ್ಷರಮಾಲೆಯ ಕೊನೇಲಿರಬೇಕಿತ್ತು ತಾತ,” ಅಂದೆ.

ಅವರು ಜೇಬಿನಿಂದ ಪೆನ್ನು ತೆಗೆದರು. “ಅದ್ಕೆ ಅರ್ಜಿ ಎಲ್ ಕೊಡ್ಬೇಕು?”

೩. ನೀರು

ಬಿಡದಿ ಹತ್ತಿರದ ಫ್ಯಾಕ್ಟರಿಯೊಂದಕ್ಕೆ ಕಾರ್ಮಿಕರ ದೂರಿನ ಪೇಜ್ ಬೇಕಿತ್ತು; ಯಜಮಾನರು ಅದಕ್ಕೆ ಎಲ್ಲಿಂದಲೋ ಹೊಸ ಟೆಂಪ್ಲೇಟ್ ತಂದು ಹಾಕಿದರು. ನಮ್ಮಕ್ಕನ ಗಂಡ ಅಲ್ಲೇ ಕಾಂಟ್ರಾಕ್ಟ್ ಕೆಲಸದಲ್ಲಿದ್ದ. ಅಲ್ಲಿನ ಕುಡಿಯುವ ನೀರಿನ ಟ್ಯಾಂಕಿನಿಂದ ದಿನಾ ಯಾರಿಗಾದರೂ ಹೊಟ್ಟೆ ಕೆಡುತ್ತಿತ್ತು. ಭಾವ ದೂರು ಬರೆದ, ಜೊತೆಯವರೂ ಬರೆದರು. ಕ್ಯಾಂಟೀನಿನ ಪರದೆಯ ಮೇಲೆ ಮಾತ್ರ ದೊಡ್ಡದಾಗಿ ‘ಒಟ್ಟು ದೂರು: ೦’.

“ಏನ್ಲಾ, ನಾವ್ ಬರ್ದಿದ್ದೆಲ್ಲ ಎಲ್ಲೋಯ್ತು?” ಅಂತ ಭಾವ ಫೋನ್ ಮಾಡಿದ. ಅವನೂ ಎರಡು ದಿನದಿಂದ ಹೊಟ್ಟೆ ಕೆಟ್ಟು ಮಲಗಿದ್ದ.

ಆ ಹೊಸ ಟೆಂಪ್ಲೇಟಿನಲ್ಲಿ ಲೂಪಿನೊಳಗೆ ಕೂಡಿದ್ದು ಲೂಪಿನೊಳಗೇ ಉಳಿಯುತ್ತಿತ್ತು. ಒಳಗೆ ದೂರು ಎಷ್ಟೇ ಬೆಳೆಯಲಿ, ಹೊರಗಿನ ಟೋಟಲ್ಲಿಗೆ ಅದರ ಸುದ್ದಿಯೇ ಇಲ್ಲ. ಒಳಗಿನ ಲೆಕ್ಕ ಹೊರಗೆ ಬರುವ ಹಾಗೆ ಮಾಡಿದೆ. ಪರದೆಯ ಮೇಲೆ ನಲವತ್ತು ದಾಟಿದ ಸಂಖ್ಯೆ ಎದ್ದಿತು. ಸಂಜೆಯೊಳಗೆ ಮ್ಯಾನೇಜರ್ ಫೋನ್ ಬಂತು.

“ಬೆಳಗ್ಗೆವರೆಗೂ ಚೆನ್ನಾಗಿತ್ತು. ಏನ್ ಮಾಡಿದ್ರಿ?”

“ತಪ್ಪಿತ್ತು ಸಾರ್, ಸರಿಮಾಡಿದೆ.”

“ಸರಿಮಾಡಿ ಅಂತ ಯಾರ್ ಹೇಳಿದ್ರು?”

ಯಜಮಾನರು ನನ್ನನ್ನು ಎಬ್ಬಿಸಿ, ನನ್ನ ಕುರ್ಚಿಯಲ್ಲಿ ತಾವೇ ಕೂತು, ಹಳೆಯ ಪೇಜನ್ನೇ ವಾಪಸ್ ಹಾಕಿದರು. ಅವರು ತಪ್ಪಿಲ್ಲದೆ ಮುಗಿಸಿದ್ದನ್ನು ನಾನು ಕಂಡ ಕೆಲಸ ಅದೊಂದೇ.

ಮಾರನೆಯ ದಿನ ಭಾವ ಎದ್ದು ಕೆಲಸಕ್ಕೆ ಹೋದರೆ, ಪರದೆಯ ಮೇಲೆ ಮತ್ತೆ ಸೊನ್ನೆ. ಅವನಿಗೆ ತಡೆಯಲಾಗಲಿಲ್ಲ. ಸೀದಾ ಹೋಗಿ, ‘ದೂರಿನ ಟೋಟಲ್ ತಪ್ಪು ತೋರಿಸುತ್ತಿದೆ’ ಅಂತ ಹೊಸ ದೂರು ಬರೆದ. ಮ್ಯಾನೇಜರ್ ತಾವೇ ಬಂದು ಅವನನ್ನು ಪರದೆಯ ಮುಂದೆ ನಿಲ್ಲಿಸಿಕೊಂಡು, ಬೆರಳಿಟ್ಟು ತೋರಿಸಿದರಂತೆ.

“ನೀವೇ ನೋಡಿ. ಹಾಗಂತ ಒಬ್ಬರೂ ದೂರು ಕೊಟ್ಟಿಲ್ಲ.”